ಮೂವತ್ತು ಕುರಿ ಇದ್ದವನಿಗೆ ಯಾವ ವ್ಯವಹಾರ ಹೊಂದುತ್ತದೆ? ಗಡಿ ಭಾಗದವರು ಹೇಳಿ

ಜತ್ತ ಕಡೆಯವ

ನೇರ ವಿಷಯಕ್ಕೆ ಬರುತ್ತೇನೆ. ಕುರಿ ಸಾಕಣೆ ಭಾರಿ ಲಾಭದ ಕಸುಬು ಅಂತ ದಿನಕ್ಕೊಂದು ವಿಡಿಯೋ ಬರುತ್ತಿದೆ. ಎತ್ತರದ ಶೆಡ್ಡು, ಹಿಕ್ಕೆ ಕೆಳಗೆ ಬೀಳುವ ಪ್ಲಾಸ್ಟಿಕ್ ನೆಲ, ಮೇವು ಕತ್ತರಿಸುವ ಯಂತ್ರ. ನೋಡಲು ಚೆಂದ. ಆದರೆ ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮೂವತ್ತು ಕುರಿ ಮೇಯಿಸುವವರು ಆ ವಿಡಿಯೋಗಳಲ್ಲಿ ಎಲ್ಲಿಯೂ ಇಲ್ಲ.

ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ಮಾಡಗ್ಯಾಳದ ಹತ್ತಿರದ ಹಳ್ಳಿ. ಮನೆಮಾತು ಕನ್ನಡ, ಕಾಗದಪತ್ರ ಮರಾಠಿ. ಮಾಡಗ್ಯಾಳ ತಳಿಯ ಹೆಸರು ನೀವೂ ಕೇಳಿರುತ್ತೀರಿ. ಉದ್ದ ಮೈ, ಗಿಣಿ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ. 2020ರಲ್ಲಿ ಆಟಪಾಡಿ ಸಂತೆಯಲ್ಲಿ ಒಂದು ಟಗರಿಗೆ 70 ಲಕ್ಷ ಕೇಳಿದರು, ಮಾಲೀಕ ಒಂದೂವರೆ ಕೋಟಿ ಅಂದ ಎಂದು ಪೇಪರಿನಲ್ಲಿ ಬಂದಿತ್ತು. ಅಂಥ ಸುದ್ದಿಯಿಂದ ನಮಗೇನೂ ಸಿಗುವುದಿಲ್ಲ. ನಮ್ಮ ಮರಿಗಳು ಹೋಗುವುದು ಕಟುಕರ ಅಂಗಡಿಗೆ, ದಲ್ಲಾಳಿ ಹೇಳಿದ ರೇಟಿಗೆ.

ಸರ್ಕಾರದ ಕಡೆ ನೋಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಅತಿ ಚಿಕ್ಕ ಘಟಕವೇ 100 ಕುರಿ, 5 ಟಗರು. ಯೋಜನೆಯ ವೆಚ್ಚ 20 ಲಕ್ಷ, ಅದರಲ್ಲಿ ಅರ್ಧ ಸಬ್ಸಿಡಿ. ಉಳಿದ 10 ಲಕ್ಷವನ್ನು ಬ್ಯಾಂಕಿನಿಂದಲೋ ಮನೆಯಿಂದಲೋ ತರಬೇಕು. ಎರಡು ಎಕರೆ ಒಣಭೂಮಿಯವನಿಗೆ ಯಾವ ಬ್ಯಾಂಕ್ ಕೊಡುತ್ತದೆ? ಮಹಾರಾಷ್ಟ್ರದ ಮಹಾಮೇಷ ಯೋಜನೆ ನಮಗೆ ಹತ್ತಿರದ್ದು. 2017ರಲ್ಲಿ ಬಂತು. 20 ಕುರಿ, 1 ಟಗರು, ಶೇ. 75 ಅನುದಾನ. ಒಳ್ಳೆಯದೇ. ಆದರೆ ಅದೂ ಕುರಿ ಕೊಡುವ ಯೋಜನೆ, ಕುರಿ ಮಾರುವ ಯೋಜನೆ ಅಲ್ಲ.

ನನ್ನ ವಾದ ಇಷ್ಟೇ. ನಮಗೆ ಕುರಿ ಕಡಿಮೆಯಾಗಿಲ್ಲ. ದುಡ್ಡು ಸೋರುವುದು ಎರಡು ಕಡೆ. ಒಂದು, ತೂಕ ಮಾಡದೆ ಕಣ್ಣಂದಾಜಿಗೆ ಮಾರುವುದು. ಇನ್ನೊಂದು, ಸಾವು. ಕುರಿಗಾರರೇ ಸೇರಿ ಕಂಪನಿ ಮಾಡಿ, ಸಂಘ ಮಾಡಿ, ಏನೇ ಮಾಡಿ, ಮೊದಲು ಈ ಎರಡು ತೂತು ಮುಚ್ಚದಿದ್ದರೆ ಉಳಿದದ್ದೆಲ್ಲ ಸುಮ್ನೆ. ನೀವೇನಂತೀರಿ?

ದಲ್ಲಾಳಿ ಮಗ

ಬಂತು ನೋಡಿ, ಮತ್ತೆ ದಲ್ಲಾಳಿಯ ಮೇಲೆ. ನಮ್ಮ ಅಪ್ಪ ಅಮೀನಗಡ, ಕೆರೂರು, ಸಾಂಗೋಲಾ ಸಂತೆಗಳಲ್ಲಿ ವ್ಯಾಪಾರ ಮಾಡಿದವರು. ನಾನೂ ಮಾಡುತ್ತೇನೆ. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ರೇಟು ಹೇಳುವುದನ್ನು ಎಲ್ಲರೂ ಮೋಸ ಅಂತಾರೆ. ಮೋಸ ಅಲ್ಲ ಅಂತ ನಾನೂ ಹೇಳುವುದಿಲ್ಲ, ಕೆಲವೊಮ್ಮೆ ಇರುತ್ತದೆ. ಆದರೆ ಒಂದು ಪ್ರಶ್ನೆ. ರಾತ್ರಿ ಹತ್ತು ಗಂಟೆಗೆ ಮಗುವಿಗೆ ಜ್ವರ ಬಂದು ಮೀರಜ್ ಆಸ್ಪತ್ರೆಗೆ ಹೋಗಬೇಕು ಅಂದಾಗ ನಿಮ್ಮ ಕಂಪನಿ ಫೋನ್ ಎತ್ತುತ್ತದಾ? ನಾವು ಎತ್ತುತ್ತೇವೆ. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮುಂಗಡ ಕೊಡುತ್ತೇವೆ. ಸಹಿ ಇಲ್ಲ, ಕಾಗದ ಇಲ್ಲ.

ಇನ್ನು ಲೆಕ್ಕ. 30 ಕೆಜಿ ಟಗರು ಕೊಯ್ದರೆ ಹೆಚ್ಚೆಂದರೆ 14 ಕೆಜಿ ಮಾಂಸ. ಕೆಜಿಗೆ 750 ಅಂತ ಹಿಡಿಯಿರಿ, 10,500 ಆಯಿತು. ಜೀವತೂಕಕ್ಕೆ ಕೆಜಿಗೆ 350ರಂತೆ ಕೊಟ್ಟರೂ ಅಷ್ಟೇ 10,500. ಕಟುಕನಿಗೆ ಮಾಂಸದಲ್ಲಿ ಅಸಲು ಮಾತ್ರ. ತಲೆ, ಕಾಲು, ಬೋಟಿ, ಅದರಲ್ಲೇ ಅವನ ಲಾಭ. ಮೊದಲು ಚರ್ಮಕ್ಕೆ ಬೆಲೆ ಇತ್ತು, ಈಗ ಚರ್ಮ ಒಯ್ಯುವವರೂ ಇಲ್ಲ. ಅದರ ನಡುವೆ ಗಾಡಿ ಬಾಡಿಗೆ, ದಾರಿಯಲ್ಲಿ ಸತ್ತದ್ದು, ಸಂತೆಯಲ್ಲಿ ಮಾರಾಟವಾಗದೆ ವಾಪಸ್ ಬಂದದ್ದು, ದಾರಿ ಖರ್ಚು. ಇದೆಲ್ಲ ಯಾರ ತಲೆ ಮೇಲೆ?

ಜತ್ತ ಕಡೆಯವ

ಲೆಕ್ಕ ಸರಿ ಇದೆ. ಆದರೆ ನೀವೇ ಹೇಳಿದ ಟಗರನ್ನು ಸಂತೆಯಲ್ಲಿ "ಇದು 25 ಕೆಜಿ ಮ್ಯಾಲೆ ಬರಂಗಿಲ್ಲ" ಅಂದರೆ 1,750 ರೂಪಾಯಿ ಅಲ್ಲೇ ಹೋಯಿತಲ್ಲ. ಹಾಗೆ ಹೇಳುವುದು ನಿಮಗೆ ಗೊತ್ತು, ನಮಗೂ ಗೊತ್ತು. ವರ್ಷಕ್ಕೆ ಇಪ್ಪತ್ತು ಮರಿ ಮಾರುವವನಿಗೆ ಅದು 35,000. ಇದು ಸಬ್ಸಿಡಿಗಿಂತ ದೊಡ್ಡ ಮಾತು ಅಂತ ನಾನು ಹೇಳುತ್ತಿರುವುದು.

ಮುಂಗಡದ ಮಾತು ಮಾತ್ರ ಒಪ್ಪುತ್ತೇನೆ. ಅದಕ್ಕೆ ಉತ್ತರ ಇಲ್ಲದ ಕಂಪನಿ ನಿಲ್ಲುವುದಿಲ್ಲ.

ಅಕ್ಕಲಕೋಟೆ ಅಕ್ಕ

ಗಂಡಸರು ಇಬ್ಬರೂ ಕೇಳಿ. ನಾನು ಸೊಲ್ಲಾಪುರ ಜಿಲ್ಲೆಯವಳು, ಮಹಿಳಾ ಸ್ವಸಹಾಯ ಸಂಘ ನೋಡಿಕೊಳ್ಳುತ್ತೇನೆ. ನಮ್ಮ ಗುಂಪಿನಲ್ಲಿ ಯಾರ ಹತ್ತಿರವೂ ಕುರಿ ಹಿಂಡು ಇಲ್ಲ. ಭೂಮಿಯೂ ಅಷ್ಟಕ್ಕಷ್ಟೇ. ಆದರೆ ಮನೆ ಮುಂದೆ ಎರಡೋ ಮೂರೋ ಟಗರು ಕಟ್ಟುತ್ತೇವೆ. ನಾಲ್ಕು ತಿಂಗಳ ಮರಿ, ಹದಿನೈದು ಕೆಜಿ ಆಸುಪಾಸಿನದು, ತರುತ್ತೇವೆ. ತೊಗರಿ ಹೊಟ್ಟು, ಶೇಂಗಾ ಹೊಟ್ಟು, ಒಂದು ಹಿಡಿ ಮೆಕ್ಕೆಜೋಳದ ನುಚ್ಚು, ಸ್ವಲ್ಪ ಹತ್ತಿಕಾಳು ಹಿಂಡಿ. ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ 100ರಿಂದ 150 ಗ್ರಾಂ ಮೈ ಬರುತ್ತದೆ. ಮೂರೂವರೆ ತಿಂಗಳಲ್ಲಿ ಹನ್ನೆರಡು ಕೆಜಿ ಅಂತ ಹಿಡಿಯಿರಿ. ಹೊಟ್ಟು ಮನೆಯದಾದರೆ ಲಾಭ. ಎಲ್ಲ ಕೊಂಡು ಹಾಕಿದರೆ ಕೈಗೆ ಬರುವುದು ಬಹಳ ಕಡಿಮೆ. ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ.

ಬಕ್ರೀದಿಗೆ ಮಾರಿದರೆ ಬೆಲೆ ಬೇರೆ. ಆದರೆ ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2025ರಲ್ಲಿ ಜೂನ್ 7ಕ್ಕೆ ಇತ್ತು. ಇನ್ನು ಕೆಲವು ವರ್ಷ ಅದು ಸರಿಯಾಗಿ ಬೇಸಿಗೆಯ ನಡುವೆ ಬೀಳುತ್ತದೆ. ಅಂದರೆ ಮೇವು ತುಟ್ಟಿಯಾದ ಕಾಲಕ್ಕೇ ಟಗರಿಗೆ ಮೈ ತುಂಬಿಸಬೇಕು. ಸುಗ್ಗಿಯಲ್ಲಿ ಹೊಟ್ಟು ಕೂಡಿಟ್ಟವರಿಗೆ ಮಾತ್ರ ಇದು ಗಿಟ್ಟುತ್ತದೆ. ಇನ್ನೊಂದು, ಕೊಳ್ಳುವವರು ಹಲ್ಲು ನೋಡುತ್ತಾರೆ, ಕಿವಿ ಹರಿದಿರಬಾರದು, ಕೊಂಬು ಮುರಿದಿರಬಾರದು, ಕುಂಟಬಾರದು. ತೂಕ ಎಷ್ಟೇ ಇರಲಿ, ಊನ ಇದ್ದರೆ ಕುರ್ಬಾನಿಗೆ ಆಗುವುದಿಲ್ಲ. ಮಕ್ಕಳು ಟಗರಿಗೆ ಗುದ್ದಾಟ ಕಲಿಸಿ ಕೊಂಬು ಹಾಳು ಮಾಡಿದ ಮನೆಗಳನ್ನು ನೋಡಿದ್ದೇನೆ.

ನಾನು ಹೇಳಲು ಬಂದದ್ದು ಬೇರೆಯೇ. ಹಿಂಡಿನ ಮನೆಗಳಲ್ಲಿ ಎಳೆ ಮರಿ ನೋಡುವವರು ಯಾರು? ಹೆಂಗಸರು. ತಾಯಿ ಒಪ್ಪದ ಮರಿಗೆ ಬೇರೆ ಕುರಿಯ ಮೊಲೆ ಹಿಡಿಸುವವರು, ಮರಿಗೆ ಗೂಡು ಮಾಡುವವರು, ಗೂಡಾರದಲ್ಲಿ ಮಲಗುವವರು. ಸಂತೆಗೆ ಹೋಗುವವರು ಮಾತ್ರ ಗಂಡಸರು. ನಿಮ್ಮ ಕಂಪನಿಯ ಷೇರು ಯಾರ ಹೆಸರಿನಲ್ಲಿ ಇರುತ್ತದೆ? ಅದನ್ನು ಮೊದಲು ಹೇಳಿ.

ಜತ್ತ ಕಡೆಯವ

ಅಕ್ಕ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮನೆಗೆ ಎರಡು ಷೇರು, ಒಂದು ಹೆಂಗಸಿನ ಹೆಸರಿಗೆ ಕಡ್ಡಾಯ ಅಂತ ಮಾಡಬಹುದಾ?

ಅಕ್ಕಲಕೋಟೆ ಅಕ್ಕ

ಷೇರು ಸರ್ಟಿಫಿಕೇಟಿನಿಂದ ಹೊಟ್ಟೆ ತುಂಬುವುದಿಲ್ಲ. ಮರಿ ಮಾರಿದ ದುಡ್ಡು ಅವಳ ಖಾತೆಗೆ ಬರಲಿ. ಅಷ್ಟು ಮಾಡಿ.

ರಿಟೈರ್ಡ್ ಪಶುವೈದ್ಯ

ತೂಕದ ಬಗ್ಗೆ ಜಗಳ ನಡೆಯುತ್ತಿದೆ, ಅದಕ್ಕೊಂದು ಮಾತು. ತೂಕದ ಕಾಟಾ ಇಲ್ಲದಿದ್ದರೂ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿ. ಬರುವುದು ಪೌಂಡು. 2.2ರಿಂದ ಭಾಗಿಸಿದರೆ ಕೆಜಿ. ಸುತ್ತಳತೆ 28 ಇಂಚು, ಉದ್ದ 26 ಇಂಚು ಇದ್ದರೆ ಸುಮಾರು 31 ಕೆಜಿ. ಉಣ್ಣೆ ಬೆಳೆದಿದ್ದರೆ ಟೇಪು ಬಿಗಿ ಹಿಡಿಯಿರಿ, ಇಲ್ಲದಿದ್ದರೆ ಜಾಸ್ತಿ ತೋರಿಸುತ್ತದೆ. ಇದು ಅಂದಾಜೇ, ಆದರೆ ಬರಿಗಣ್ಣಿಗಿಂತ ವಾಸಿ.

ಈಗ ಸಾವಿನ ವಿಷಯ. ಜತ್ತದವರು ಹೇಳಿದ ಎರಡನೇ ತೂತು ಮೊದಲನೆಯದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಐದು ಕುರಿ ಸತ್ತರೆ ತೂಕದ ಕಾಟಾದಿಂದ ಬಂದ ಲಾಭವೆಲ್ಲ ಹೋಯಿತು. ಮಳೆ ಬಿದ್ದು ಹೊಸ ಹುಲ್ಲು ಬಂದಾಗ ಕರುಳುಬೇನೆ. ಅದರ ವಿಚಿತ್ರ ಏನೆಂದರೆ ಹಿಂಡಿನಲ್ಲಿ ಅತಿ ಚೆನ್ನಾಗಿ ಮೈತುಂಬಿದ ಮರಿಯೇ ಮೊದಲು ಹೋಗುತ್ತದೆ. ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಸತ್ತು ಬಿದ್ದಿತ್ತು ಅಂತಾರೆ. ಅದಕ್ಕೆ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಬೇಕು, ಪ್ರತಿ ವರ್ಷ ಆಗಬೇಕು. ಹಿರೇಬೇನೆ, ಅಂದರೆ ಪಿಪಿಆರ್ ಅನ್ನುವ ವೈರಸ್ ರೋಗ, ಅದರ ಲಸಿಕೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ತಡೆಯುತ್ತದೆ. ಮಳೆ ಮುಗಿಯುವ ಹೊತ್ತಿಗೆ ಸಣ್ಣ ನುಸಿಗಳಿಂದ ನೀಲಿ ನಾಲಿಗೆ ರೋಗ. ಕೆರೆ ಅಂಚಿನಲ್ಲಿ ಮೇಯಿಸಿದರೆ ಬಸವನಹುಳುವಿನ ಮೂಲಕ ಯಕೃತ್ತಿನ ಹುಳು.

ಸರ್ಕಾರ ಲಸಿಕೆ ಕೊಡುವುದಿಲ್ಲ ಅಂತಲ್ಲ. ಕೊಡುವ ದಿನ ಹಿಂಡು ಊರಲ್ಲಿ ಇರುವುದಿಲ್ಲ. ಹಿಂಡು ಎಲ್ಲಿದೆಯೋ ಅಲ್ಲಿಗೆ ಹೋಗುವವರು ಬೇಕು. ಮಹಾರಾಷ್ಟ್ರದಲ್ಲಿ ಪಶು ಸಖಿಯರು, ಅಂದರೆ ಜಾನುವಾರು ಆರೈಕೆ ಕಲಿತ ಹಳ್ಳಿಯ ಹೆಂಗಸರು ಇದ್ದಾರೆ, ಸಾತಾರಾ ಜಿಲ್ಲೆಯ ಮ್ಹಸವಡದ ಮಾಣದೇಶಿ ಸಂಸ್ಥೆ ಹೆಂಗಸರಿಗೆ ಆಡುಗಳ ಕೃತಕ ಗರ್ಭಧಾರಣೆ ಕಲಿಸಿದೆ. ಅಂಥವರು ಕುರಿಗೂ ಬೇಕು, ತಂಪು ಪೆಟ್ಟಿಗೆಯ ಜೊತೆಗೆ. ಲಸಿಕೆ ಬಿಸಿಲಿಗೆ ಕೆಟ್ಟರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಹೊಸೂರು ಟೆಕ್ಕಿ

ನಮ್ಮ ತಾತನ ಕಾಲಕ್ಕೆ ಕೃಷ್ಣಗಿರಿ ಕಡೆ ಕುರಿ ಇತ್ತು, ಈಗ ಇಲ್ಲ. ಒಂದು ಐಡಿಯಾ: ಆ್ಯಪ್ ಮಾಡಿ ಬೆಂಗಳೂರಿನ ಗ್ರಾಹಕರಿಗೆ ನೇರವಾಗಿ ಮಾಂಸ ಮಾರಿದರೆ? ದಲ್ಲಾಳಿಯೇ ಬೇಡ.

ದಲ್ಲಾಳಿ ಮಗ

ಕೊಯ್ಯುವವರು ಯಾರು? ಎಲ್ಲಿ ಕೊಯ್ಯುತ್ತೀರಿ? ತಂಪು ಗಾಡಿ ಯಾರದು? ತಲೆ-ಕಾಲು ಆ್ಯಪಿನಲ್ಲಿ ಯಾರು ಕೊಳ್ಳುತ್ತಾರೆ? ಅದು ಹೋಗದಿದ್ದರೆ ಮೊದಲೇ ಹೇಳಿದೆನಲ್ಲ, ಲಾಭವೂ ಹೋಯಿತು.

ಹೊಸೂರು ಟೆಕ್ಕಿ

ಅರ್ಥ ಆಯಿತು. ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ ಅಲ್ವಾ. ಓದುತ್ತಾ ಇರುತ್ತೇನೆ.

ಮಡಕಶಿರಾ ಮೇಷ್ಟ್ರು

ಆಂಧ್ರದ ಕಡೆಯಿಂದ ಎರಡು ಮಾತು. 2019ರ ಜಾನುವಾರು ಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕುರಿ ಸುಮಾರು 27 ಲಕ್ಷ. ಕರ್ನಾಟಕದಲ್ಲಿ 1.11 ಕೋಟಿ. ಆಂಧ್ರದಲ್ಲಿ 1.76 ಕೋಟಿ. ಜತ್ತದವರಿಗೆ ಪುಣೆಯ ಸರ್ಕಾರಿ ಕಚೇರಿಯಲ್ಲಿ ಯಾಕೆ ಬೆಲೆ ಕಡಿಮೆ ಅನ್ನುವುದಕ್ಕೆ ಈ ಅಂಕಿಯೇ ಸಾಕು. ನಮ್ಮಲ್ಲಿ ಕುರಿ ಜಾಸ್ತಿ, ಸಂಘಗಳೂ ಇವೆ. ಆದರೂ ಕಷ್ಟ ತಪ್ಪಿಲ್ಲ, ಯಾಕೆಂದರೆ ನಮ್ಮ ಕಡೆ ಮೇಯುವ ಜಾಗವೇ ಹೋಗುತ್ತಿದೆ.

ಮಡಕಶಿರಾ ಪಕ್ಕವೇ ಪಾವಗಡ. ಅಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕು, 2,050 ಮೆಗಾವ್ಯಾಟ್. ಜಮೀನು ಇದ್ದವರಿಗೆ ವರ್ಷಕ್ಕೆ ಗುತ್ತಿಗೆ ದುಡ್ಡು ಬರುತ್ತದೆ. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನೂ ಬರುವುದಿಲ್ಲ, ಯಾಕೆಂದರೆ ಅವನ ಹೆಸರು ಪಹಣಿಯಲ್ಲಿ ಇರಲೇ ಇಲ್ಲ. ಬೇಲಿಯ ಒಳಗೆ ಹುಲ್ಲು ಬೆಳೆಯುತ್ತದೆ, ಅದನ್ನು ಕೂಲಿ ಕೊಟ್ಟು ಕೀಳಿಸುತ್ತಾರೆ, ಹೊರಗೆ ಕುರಿ ಹಸಿದು ನಿಂತಿರುತ್ತದೆ. ಹೊರದೇಶಗಳಲ್ಲಿ ಪ್ಯಾನೆಲ್ ಕೆಳಗಿನ ಹುಲ್ಲು ಮೇಯಿಸಲು ಕುರಿಯವರಿಗೇ ಸಂಬಳ ಕೊಡುತ್ತಾರೆ. ಕುರಿಗೆ ಅದು ಹೊಂದುತ್ತದೆ, ಆಡಿಗೆ ಹೊಂದುವುದಿಲ್ಲ. ಆಡು ಪ್ಯಾನೆಲ್ ಮೇಲೆ ಹತ್ತುತ್ತದೆ, ವೈರು ಕಚ್ಚುತ್ತದೆ. ಕುರಿಗಾರರ ಸಂಘ ಒಂದು ಒಪ್ಪಂದ ಮಾಡಿಕೊಂಡು, ಇಷ್ಟು ಎಕರೆ ಹುಲ್ಲು ನಾವು ಸ್ವಚ್ಛ ಮಾಡುತ್ತೇವೆ, ಇಷ್ಟು ದುಡ್ಡು ಕೊಡಿ ಅಂದರೆ ಅದೇ ಒಂದು ವ್ಯವಹಾರ. ಜತ್ತದಲ್ಲಿ ಗಾಳಿಯಂತ್ರಗಳು ಇವೆಯಲ್ಲ, ಅಲ್ಲಿ ಕೆಳಗೆ ಮೇಯಲು ಬಿಡುತ್ತಾರಾ?

ಜತ್ತ ಕಡೆಯವ

ಗಾಳಿಯಂತ್ರದ ಬುಡದಲ್ಲಿ ತೊಂದರೆ ಇಲ್ಲ ಮೇಷ್ಟ್ರೇ, ರಸ್ತೆಗೆ ಹೋದಷ್ಟು ಜಾಗ ಹೋಗಿದೆ ಅಷ್ಟೇ. ಸೋಲಾರ್ ಬೇಲಿ ಬಂದರೆ ಕಥೆ ಬೇರೆ.

ನಮ್ಮ ಕಡೆಯ ಆದಾಯ ಇನ್ನೊಂದಿದೆ, ಅದನ್ನು ಯಾರೂ ವ್ಯವಹಾರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಲದಲ್ಲಿ ಕುರಿ ತರುಬುವುದು, ಅಂದರೆ ಗೊಬ್ಬರ ಬೀಳಲಿ ಅಂತ ಹಿಂಡನ್ನು ರಾತ್ರಿ ಹೊಲದಲ್ಲೇ ನಿಲ್ಲಿಸುವುದು. ಒಂದು ರಾತ್ರಿಗೆ ಇಷ್ಟು ಅಂತ ದುಡ್ಡು, ಇಲ್ಲದಿದ್ದರೆ ಜೋಳ. ಕುರಿ ಹಿಕ್ಕೆಯಲ್ಲಿ ಸಾರಜನಕ ಶೇ. 3ರಷ್ಟು ಇರುತ್ತದೆ, ದನದ ಗೊಬ್ಬರಕ್ಕಿಂತ ಎಷ್ಟೋ ಮೇಲು. ತಾಸಗಾಂವ ಕಡೆಯ ದ್ರಾಕ್ಷಿಯವರು, ಸಾಂಗೋಲಾ ಕಡೆಯ ದಾಳಿಂಬೆಯವರು ಟ್ರ್ಯಾಲಿಗಟ್ಟಲೆ ಕೊಳ್ಳುತ್ತಾರೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯ ಹೊತ್ತಿಗೆ ಬೇಡಿಕೆ ಜೋರು. ಆದರೆ ಪ್ರತಿಯೊಬ್ಬ ಕುರಿಗಾರ ಒಬ್ಬೊಬ್ಬನೇ ಹೋಗಿ ಚೌಕಾಸಿ ಮಾಡುತ್ತಾನೆ. ಹತ್ತು ಹಿಂಡು ಸೇರಿ ಒಂದು ರೇಟು ಹಿಡಿದರೆ, ವರ್ಷಪೂರ್ತಿ ಕೈಗೆ ನಗದು ಬರುತ್ತದೆ. ಮರಿ ಮಾರುವ ಅವಸರವೂ ತಪ್ಪುತ್ತದೆ. ಸೇರಿಸಿ ಮಾರುವುದು ಹಿಕ್ಕೆಯಿಂದಲೇ ಶುರುವಾಗಲಿ, ಮರಿಯಿಂದ ಬೇಡ ಅಂತ ಈಗ ಅನಿಸುತ್ತಿದೆ. ಹಿಕ್ಕೆಗೆ ಮುಂಗಡದ ಜಂಜಾಟ ಇಲ್ಲ, ಸಾಯುವ ಭಯ ಇಲ್ಲ, ದಲ್ಲಾಳಿಗೂ ಸಿಟ್ಟು ಬರುವುದಿಲ್ಲ.

ರಿಟೈರ್ಡ್ ಪಶುವೈದ್ಯ

ಗೊಬ್ಬರ ಮಾರಿ, ಬೇಡ ಅನ್ನುವುದಿಲ್ಲ. ಆದರೆ ಕುರಿಯನ್ನು ದ್ರಾಕ್ಷಿ ತೋಟದ ಒಳಗೆ ಮೇಯಲು ಬಿಡುವ ಮೊದಲು ಒಂದು ಎಚ್ಚರ. ದ್ರಾಕ್ಷಿಗೆ ಬೋರ್ಡೋ ಹೊಡೆಯುತ್ತಾರೆ, ಅದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಅತಿ ಕಡಿಮೆ ತಡೆದುಕೊಳ್ಳುವುದು ಕುರಿ. ದನಕ್ಕೆ ಏನೂ ಆಗದ ಪ್ರಮಾಣ ಕುರಿಯ ಯಕೃತ್ತಿನಲ್ಲಿ ವಾರಗಟ್ಟಲೆ ಕೂಡುತ್ತಾ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಯಾವುದೋ ಒಂದು ದಿನ, ದೂರ ನಡೆದು ದಣಿದಾಗಲೋ ಮೇವು ಕಡಿಮೆಯಾದಾಗಲೋ, ಒಮ್ಮೆಲೇ ಹೊರಬರುತ್ತದೆ. ಕಣ್ಣು ಹಳದಿ, ಮೂತ್ರ ಕೆಂಪುಕಪ್ಪು, ಒಂದೆರಡು ದಿನದಲ್ಲಿ ಸಾವು. ಕುರಿಗಾರ ಕಾಮಾಲೆ ಅಂತ ಬೇರು ತಿನ್ನಿಸುತ್ತಾ ಕೂರುತ್ತಾನೆ.

ಇದೇ ಕಾರಣಕ್ಕೆ ದನದ ಖನಿಜ ಮಿಶ್ರಣವನ್ನೂ ಕುರಿಗೆ ಹಾಕಬೇಡಿ, ಅದರಲ್ಲಿ ತಾಮ್ರ ಜಾಸ್ತಿ. ಒಪ್ಪಂದ ಬರೆಯುವುದಾದರೆ, ಯಾವಾಗ ಏನು ಹೊಡೆದಿದ್ದಾರೆ ಅಂತ ತೋಟದವರು ಹೇಳಬೇಕು ಎನ್ನುವ ಸಾಲು ಇರಲಿ. ಚಾಟಣಿ ಮುಗಿದ ಬೋಳು ತೋಟವಾದರೂ ಕೆಳಗಿನ ಹುಲ್ಲಿನ ಮೇಲೆ ಔಷಧ ಉಳಿದಿರುತ್ತದೆ.

ದಲ್ಲಾಳಿ ಮಗ

ಇದು ನನಗೂ ಗೊತ್ತಿರಲಿಲ್ಲ. ಡಾಕ್ಟ್ರೇ, ಹಾಗೆ ಸತ್ತ ಕುರಿಗೆ ವಿಮೆ ಬರುತ್ತದಾ?

ರಿಟೈರ್ಡ್ ಪಶುವೈದ್ಯ

ವಿಮೆ ಮಾಡಿಸಿದ್ದರೆ, ಕಿವಿಯೋಲೆ ಇದ್ದರೆ, ಪೋಸ್ಟ್‌ಮಾರ್ಟಂ ಆಗಿದ್ದರೆ ಬರಬೇಕು. 2024ರಿಂದ ಕೇಂದ್ರದ ಯೋಜನೆಯಲ್ಲಿ ರೈತನ ಪಾಲು ಪ್ರೀಮಿಯಂನ ಶೇ. 15 ಮಾತ್ರ. ಒಂದು ಮನೆಗೆ ಹತ್ತು ಘಟಕ, ಕುರಿಯ ಲೆಕ್ಕದಲ್ಲಿ ನೂರು ಕುರಿಯವರೆಗೆ. ಕಾಗದದಲ್ಲಿ ಬಹಳ ಚೆನ್ನಾಗಿದೆ.

ಜತ್ತ ಕಡೆಯವ

ಕಾಗದದಲ್ಲಿ ಅಂದಿರಲ್ಲ, ಅದೇ ಸರಿಯಾದ ಮಾತು. ಜಾಲಿ ಮುಳ್ಳಿನಲ್ಲಿ ಸಿಕ್ಕಿ ಕಿವಿಯೋಲೆ ಹರಿದು ಬೀಳುತ್ತದೆ. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ಹಿಂಡು ಮನೆಯಿಂದ ಮೂರು ತಾಲೂಕು ಆಚೆ ಇರುವಾಗ ಕುರಿ ಸತ್ತರೆ ಆ ಊರಿನ ಡಾಕ್ಟರು ನಮಗೆ ಯಾಕೆ ಪೋಸ್ಟ್‌ಮಾರ್ಟಂ ಬರೆದುಕೊಡುತ್ತಾರೆ? ನಮ್ಮ ಚಿಕ್ಕಪ್ಪನದು ಹೀಗೇ ಹೋಯಿತು. ವಿಮೆ ಇತ್ತು, ಕಂಪನಿಯವರು ಓಲೆಯ ನಂಬರು ಕೇಳಿದರು, ಓಲೆ ಇದ್ದ ಕಿವಿಯನ್ನು ನಾಯಿ ತಿಂದಿತ್ತು. ಮುಗಿಯಿತು.

ಇನ್ನೊಂದು ಹೊಟ್ಟೆಉರಿ ಹೇಳುತ್ತೇನೆ. ನಮ್ಮ ಸೋದರಮಾವ ಇರುವುದು ವಿಜಯಪುರ ಜಿಲ್ಲೆಯಲ್ಲಿ, ನಮ್ಮ ಊರಿಂದ ಬೈಕಿನಲ್ಲಿ ಅರ್ಧ ಗಂಟೆ. ಕರ್ನಾಟಕದ ಅನುಗ್ರಹ ಯೋಜನೆಯಲ್ಲಿ ಅವರಿಗೆ ಸತ್ತ ಕುರಿಗೆ 5,000 ರೂಪಾಯಿಯ ಲೆಕ್ಕದಲ್ಲಿ ಪರಿಹಾರ ಬಂತು. ಒಂದೇ ಕುಲ, ಒಂದೇ ದೇವರು, ಒಂದೇ ರೋಗ. ಗಡಿಯ ಈ ಕಡೆ ಸತ್ತ ಕುರಿಗೆ ಅದು ಇಲ್ಲ. ಕುರಿ ಮೇಯುತ್ತಾ ಎರಡೂ ರಾಜ್ಯ ದಾಟುತ್ತದೆ, ಯೋಜನೆ ದಾಟುವುದಿಲ್ಲ.

ಮಡಕಶಿರಾ ಮೇಷ್ಟ್ರು

ಹಾಗಾದರೆ ನಿಮ್ಮ ನಡುವೆಯೇ ಒಂದು ನಿಧಿ ಮಾಡಿಕೊಳ್ಳಿ. ಕುರಿಗೆ ಇಷ್ಟು ಅಂತ ವರ್ಷಕ್ಕೊಮ್ಮೆ ಕಟ್ಟುವುದು. ಸತ್ತರೆ ಫೋಟೋ, ಪಕ್ಕದ ಹಿಂಡಿನ ಇಬ್ಬರ ಸಾಕ್ಷಿ, ಅಷ್ಟೇ. ಪೂರ್ತಿ ಬೆಲೆ ಕೊಡಬೇಡಿ, ಅರ್ಧ ಕೊಡಿ. ಪೂರ್ತಿ ಕೊಟ್ಟರೆ ಮುದಿ ಕುರಿಗಳೆಲ್ಲ ಆ ವರ್ಷವೇ ಸಾಯಲು ಶುರು ಮಾಡುತ್ತವೆ.

ದಲ್ಲಾಳಿ ಮಗ

ಮೇಷ್ಟ್ರು ಮನುಷ್ಯರನ್ನು ಚೆನ್ನಾಗಿ ಬಲ್ಲರು 😄

ರಾಯದುರ್ಗದ ಕಂಬಳಿ

ಎಲ್ಲರೂ ಮಾಂಸದ ಲೆಕ್ಕವೇ ಹೇಳುತ್ತಿದ್ದೀರಿ. ದಖ್ಖನಿ ಕುರಿಯ ಉಣ್ಣೆ ಎಲ್ಲಿ ಹೋಯಿತು? ಒಂದು ಕಾಲಕ್ಕೆ ಉಣ್ಣೆ ಕೊಳ್ಳಲು ಮನೆಗೆ ಬರುತ್ತಿದ್ದರು. ಈಗ ಕತ್ತರಿಸಲು ನಾವೇ ದುಡ್ಡು ಕೊಡಬೇಕು, ವರ್ಷಕ್ಕೆ ಎರಡು ಸಲ. ಕತ್ತರಿಸಿದ ಉಣ್ಣೆ ಬೇಲಿಯ ಪಕ್ಕ ಬಿದ್ದಿರುತ್ತದೆ. ಉಣ್ಣೆ ಇಲ್ಲದ ನೆಲ್ಲೂರು ಟಗರು ಬಿಟ್ಟು ತಳಿ ಬೆರೆಸಿದ್ದೇ ಅದಕ್ಕೆ. ಮರಿ ಬೇಗ ಬೆಳೆಯುತ್ತದೆ, ಕತ್ತರಿಸುವ ಖರ್ಚೂ ಇಲ್ಲ. ಯಾರನ್ನೂ ದೂರುವಂತಿಲ್ಲ.

ನಮ್ಮ ಮನೆಯಲ್ಲಿ ಇನ್ನೂ ಗುಂಡಿ ಮಗ್ಗ ಇದೆ. ಅಜ್ಜಿ ನೂಲುತ್ತಾರೆ, ಮಗ್ಗದ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುತ್ತೇವೆ. ಆ ಕಂಬಳಿ ಮಳೆಯಲ್ಲಿ ನೆನೆದರೂ ಒಳಗೆ ನೀರು ಬೇಗ ಇಳಿಯುವುದಿಲ್ಲ. ಪೇಟೆಯವರು ಕರಿ ಉಣ್ಣೆಯನ್ನು ಬಣ್ಣ ಹಾಕದೆ ಹಾಗೆಯೇ ಕೇಳುತ್ತಿದ್ದಾರೆ, ಚಾಪೆ, ಚೀಲ, ದಿಂಬಿನ ಕವರು. ಬೆಲೆ ಪರವಾಗಿಲ್ಲ. ಆದರೆ ಅವರು ಕೇಳುವುದು ನೂರು ಒಂದೇ ಥರದ್ದು. ನಮ್ಮ ಕೈಮಗ್ಗದಲ್ಲಿ ಎರಡು ಒಂದೇ ಥರ ಬರುವುದಿಲ್ಲ. ಈ ಉಣ್ಣೆ ಎಲ್ಲ ಕುರಿಗಾರರನ್ನೂ ಉಳಿಸುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ನೂಲುವವರು ಉಳಿದಿರುವ ಊರುಗಳಲ್ಲಿ ಒಂದಿಷ್ಟು ಹೆಂಗಸರಿಗೆ ಕೆಲಸ ಕೊಡುತ್ತದೆ, ಕತ್ತರಿಸುವ ಖರ್ಚನ್ನು ವಾಪಸ್ ತರುತ್ತದೆ. ಅದೂ ಕಡಿಮೆಯಲ್ಲ.

ಅಕ್ಕಲಕೋಟೆ ಅಕ್ಕ

ಫಲಟಣದ ನಿಂಬಕರ್ ಸಂಸ್ಥೆಯವರ ಅವಳಿ ಮರಿ ಹಾಕುವ ತಳಿ ಬಗ್ಗೆ ಯಾರಾದರೂ ಹೇಳಿ. ನಮ್ಮ ಗುಂಪಿನಲ್ಲಿ ಒಬ್ಬರು ತರಬೇಕು ಅಂತಿದ್ದಾರೆ.

ರಿಟೈರ್ಡ್ ಪಶುವೈದ್ಯ

ನಾರಿ ಸುವರ್ಣ. ಬಂಗಾಳದ ಸುಂದರಬನದ ಗಾರೋಲ್ ಅನ್ನುವ ಸಣ್ಣ ಕುರಿಯಲ್ಲಿ ಅವಳಿ ಹಾಕಿಸುವ ಒಂದು ಜೀನ್ ಇದೆ. ಅದನ್ನು ವರ್ಷಗಟ್ಟಲೆ ಕೆಲಸ ಮಾಡಿ ದಖ್ಖನಿಗೆ ತಂದರು. ನಿಜವಾದ ಕೆಲಸ ಅದು, ಬಣ್ಣದ ಮಾತಲ್ಲ. ಆದರೆ ಎರಡು ಮರಿಗೆ ಹಾಲು ಬೇಕು ಅಂದರೆ ತಾಯಿಗೆ ಹೆಚ್ಚು ಮೇವು ಬೇಕು. ಮನೆಯಲ್ಲಿ ಕಟ್ಟಿ ಸಾಕುವವರಿಗೆ, ಅಂದರೆ ನಿಮ್ಮಂಥವರಿಗೆ, ಚೆನ್ನಾಗಿ ಹೊಂದುತ್ತದೆ. ದಿನಾ ನಡೆಯುವ ಹಿಂಡಿನಲ್ಲಿ ಎರಡನೇ ಮರಿಯನ್ನು ಯಾರು ಹೊತ್ತುಕೊಂಡು ನಡೆಯುತ್ತಾರೆ? ಮೊದಲು ಒಂದು ಟಗರು ತಂದು ನೋಡಿ.

ಪಾಲು ಕುರಿ

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಮಂಗಳವೇಢೆ ತಾಲೂಕಿನವನು. ನಮ್ಮದೇ ಅಂತ ಒಂದು ಕುರಿಯೂ ಇಲ್ಲ, ಎಲ್ಲ ಪಾಲಿನವು. ಊರಿನ ಮೇಷ್ಟ್ರುಗಳು, ಕಿರಾಣಿ ಅಂಗಡಿಯವರು ಹೆಣ್ಣು ಕುರಿ ಕೊಂಡು ನಮಗೆ ಕೊಡುತ್ತಾರೆ. ಮೇಯಿಸುವುದು ನಾವು, ಹುಟ್ಟಿದ ಮರಿಯಲ್ಲಿ ಅರ್ಧ ಅವರದು. ಹಿಕ್ಕೆ ನಮ್ಮದು. ಕುರಿ ಸತ್ತರೆ ಜಗಳ. ರೋಗದಿಂದ ಸತ್ತರೆ ಇಬ್ಬರ ನಷ್ಟ, ತೋಳ ಒಯ್ದರೆ ನಮ್ಮ ನಷ್ಟ ಅಂತಾರೆ. ಲಸಿಕೆಯ ದುಡ್ಡು ಯಾರು ಕೊಡಬೇಕು ಅನ್ನುವುದು ಎಂದೂ ತೀರ್ಮಾನ ಆಗಿಲ್ಲ, ಅದಕ್ಕೇ ಲಸಿಕೆ ಆಗುವುದೇ ಇಲ್ಲ.

ನಿಮ್ಮ ಕಂಪನಿಯಲ್ಲಿ ನಾನು ಮೆಂಬರ್ ಆಗಬಹುದಾ? ಕುರಿಯ ಮಾಲೀಕ ನಾನಲ್ಲ, ಆದರೆ ಕುರಿಗಾರ ನಾನೇ.

ಜತ್ತ ಕಡೆಯವ

ಇಡೀ ಚರ್ಚೆಯಲ್ಲಿ ಇದು ಅತಿ ಕಷ್ಟದ ಪ್ರಶ್ನೆ. ನನಗೆ ತಿಳಿದಷ್ಟು: ರೈತ ಉತ್ಪಾದಕ ಕಂಪನಿ ನೋಂದಾಯಿಸಲು ಹತ್ತು ಉತ್ಪಾದಕರು ಸಾಕು. 2020ರ ಕೇಂದ್ರ ಯೋಜನೆಯ ನೆರವು ಬೇಕಾದರೆ ಬಯಲು ಸೀಮೆಯಲ್ಲಿ 300 ಜನ ಬೇಕು. ಆಗ ಮೂರು ವರ್ಷಕ್ಕೆ 18 ಲಕ್ಷದವರೆಗೆ ಆಡಳಿತ ಖರ್ಚು, ಮತ್ತು ಮೆಂಬರಿಗೆ 2,000ದವರೆಗೆ ಷೇರಿಗೆ ಸಮನಾದ ಅನುದಾನ. ಈ 300 ತುಂಬಿಸುವ ಅವಸರದಲ್ಲೇ ಕಂಪನಿಗಳು ಕೆಡುವುದು. ಕುರಿ ಕಂಡೇ ಇಲ್ಲದವರ ಹೆಸರೆಲ್ಲ ಸೇರುತ್ತದೆ. ಪಕ್ಕದ ತಾಲೂಕಿನ ಒಂದು ಕಂಪನಿ ಮರಿ ಕೊಂಡು ದುಡ್ಡು ತಿಂಗಳು ತಡ ಮಾಡಿತು. ಮುಂದಿನ ಸಲ ಎಲ್ಲರೂ ದಲ್ಲಾಳಿಯ ಹತ್ತಿರವೇ ಹೋದರು.

ಆದ್ದರಿಂದ ನನ್ನ ಲೆಕ್ಕ ಹೀಗೆ ಬದಲಾಗಿದೆ. ಮೊದಲ ವರ್ಷ ಕಂಪನಿ ಬೇಡ, ಹತ್ತು ಹದಿನೈದು ಹಿಂಡಿನ ಗುಂಪು. ಹಿಕ್ಕೆ ಒಟ್ಟಿಗೆ ಮಾರುವುದು. ಆ ದುಡ್ಡಿನಲ್ಲಿ ಮೊದಲು ಲಸಿಕೆ, ಆಮೇಲೆ ಸಾವಿನ ನಿಧಿ, ಉಳಿದರೆ ತುರ್ತು ಮುಂಗಡ. ಪಾಲಿನ ಕುರಿಗೆ ಲಸಿಕೆಯ ದುಡ್ಡು ಮಾಲೀಕನೇ ಕೊಡಬೇಕು ಅಂತ ಗುಂಪೇ ನಿಯಮ ಮಾಡಲಿ. ಒಬ್ಬ ಹೇಳಿದರೆ ಕೇಳುವುದಿಲ್ಲ, ಹದಿನೈದು ಜನ ಹೇಳಿದರೆ ಕೇಳುತ್ತಾರೆ. ಕುರಿ ಯಾರದೇ ಇರಲಿ, ಮೇಯಿಸುವವನೇ ಮೆಂಬರು. ಮರಿ ಮಾರಾಟ ಎರಡನೇ ವರ್ಷ, ತೂಕದ ಮೇಲೆ, ದುಡ್ಡು ಅಕ್ಕ ಹೇಳಿದಂತೆ ಮನೆಯ ಹೆಂಗಸಿನ ಖಾತೆಗೆ.

ಸಭೆಗೆ ಜನ ಸೇರಿಸುವುದು ಹೇಗೆ ಅನ್ನುವ ಚಿಂತೆಯೂ ಇಲ್ಲ. ದೀಪಾವಳಿಗೆ ಹುಲಿಜಂತಿ ಮಹಾಲಿಂಗರಾಯನ ಜಾತ್ರೆಗೆ ಎರಡೂ ರಾಜ್ಯದ ಕುರಿಗಾರರು ಬಂದೇ ಬರುತ್ತಾರೆ. ವರ್ಷದ ಲೆಕ್ಕ ಅಲ್ಲೇ ಓದೋಣ, ಕನ್ನಡದಲ್ಲಿ. ದೇವರ ಮುಂದೆ ಸುಳ್ಳು ಲೆಕ್ಕ ಓದುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ದಲ್ಲಾಳಿ ಮಗ

ಕೊನೆಯ ಸಾಲಿಗೆ ನಾನು ಗ್ಯಾರಂಟಿ ಕೊಡುವುದಿಲ್ಲ. ಉಳಿದದ್ದು ಸರಿ ಇದೆ. ಎರಡನೇ ವರ್ಷ ಮರಿ ಮಾರುವಾಗ ನನ್ನನ್ನು ಕಮಿಷನ್ ಮೇಲೆ ಇಟ್ಟುಕೊಳ್ಳಿ, ಮರಿಗೆ ಇಷ್ಟು ಅಂತ. ಗಾಡಿ ನನ್ನದು, ಕಟುಕರ ಪರಿಚಯ ನನ್ನದು, ಕಾಟಾ ನಿಮ್ಮದು. ನನ್ನನ್ನು ಹೊರಗಿಟ್ಟು ಮಾಡಿದರೆ ನಾನು ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟು ನಿಮ್ಮ ಮೆಂಬರುಗಳನ್ನು ಒಡೆಯುತ್ತೇನೆ. ಬೆದರಿಕೆ ಅಲ್ಲ, ವ್ಯಾಪಾರ ಹಾಗೇ ನಡೆಯುವುದು.

ಜತ್ತ ಕಡೆಯವ

ಬೆದರಿಕೆಯೇ ಅದು. ಆದರೂ ಫೋನ್ ಮಾಡುತ್ತೇನೆ.

ಪಾಲು ಕುರಿ

ಕಾಟಾ ಯಾವುದು ಕೊಳ್ಳಬೇಕು? ನಮ್ಮ ಕಡೆಯೂ ಒಂದು ಗುಂಪು ಮಾಡುವ ಯೋಚನೆ ಬಂದಿದೆ.

ರಿಟೈರ್ಡ್ ಪಶುವೈದ್ಯ

ತೂಗುಹಾಕುವ ಡಿಜಿಟಲ್ ಕಾಟಾ, 100 ಕೆಜಿಯದು ಸಾಕು, ಎರಡು ಮೂರು ಸಾವಿರದೊಳಗೆ ಸಿಗುತ್ತದೆ. ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ ಕಾಲು ಇಳಿಬಿಟ್ಟು ಜೋಲಿ ಕಟ್ಟಿ, ಕುರಿ ಒದ್ದಾಡುವುದಿಲ್ಲ. ವ್ಯಾಪಾರಕ್ಕೆ ಬಳಸುವುದಾದರೆ ತೂಕ ಮಾಪನ ಇಲಾಖೆಯ ಮುದ್ರೆ ಹಾಕಿಸಿ, ಇಲ್ಲದಿದ್ದರೆ ಜಗಳದಲ್ಲಿ ನಿಮ್ಮ ಕಾಟಾ ನಿಲ್ಲುವುದಿಲ್ಲ. ಬೆಳಿಗ್ಗೆ ನೀರು ಕುಡಿಸುವ ಮೊದಲು ತೂಗಬೇಕು ಅಂತ ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳಿ. ಹೊಟ್ಟೆ ತುಂಬಿದ ಕುರಿಗೂ ಖಾಲಿ ಹೊಟ್ಟೆಯದಕ್ಕೂ ಎರಡು ಕೆಜಿ ವ್ಯತ್ಯಾಸ ಬರುತ್ತದೆ, ಆಮೇಲೆ ಅದೇ ಹೊಸ ಜಗಳ.